ಮೀನಿನ ಲೆಕ್ಕ ಎಲ್ಲಿಂದ ಬರುತ್ತದೆ?

ಬೂತಾಯಿ ಮೀನು ಕಡಿಮೆಯಾದಾಗಲೆಲ್ಲ ವಾಟ್ಸಾಪ್‌ನಲ್ಲಿ ಒಂದು ಮಾತು ಸುತ್ತುತ್ತದೆ: ಬೋಟಿನವರು ಸರಿಯಾಗಿ ಲೆಕ್ಕ ಕೊಡುವುದಿಲ್ಲ, ಹಾಗಾಗಿ ದೇಶದ ಮೀನಿನ ಅಂಕಿಗಳೆಲ್ಲ ಸುಳ್ಳು. ಅನುಮಾನ ಬರುವುದು ಸಹಜವೇ. ಆದರೆ ಮಾತು ತಪ್ಪು.

ನಮ್ಮ ಸಮುದ್ರ ಮೀನಿನ ವಾರ್ಷಿಕ ಅಂದಾಜು ನಿಂತಿರುವುದು ಮುಖ್ಯವಾಗಿ ದಕ್ಕೆಯಲ್ಲಿ, ಅಂದರೆ ಬೋಟುಗಳು ಮೀನು ಇಳಿಸುವ ಜಾಗದಲ್ಲಿ, ನಡೆಯುವ ಮಾದರಿ ಸಮೀಕ್ಷೆಯ ಮೇಲೆ. ಗೊತ್ತುಮಾಡಿದ ದಿನಗಳಲ್ಲಿ ಸಿಬ್ಬಂದಿ ಅಲ್ಲಿಗೆ ಹೋಗುತ್ತಾರೆ. ಬಂದ ಬೋಟುಗಳಲ್ಲಿ ಕೆಲವನ್ನು ಆರಿಸಿ ಯಾವ ಮೀನು, ಎಷ್ಟು ತೂಕ, ಯಾವ ಬಲೆ, ಎಷ್ಟು ಹೊತ್ತು ಅಂತ ಬರೆದುಕೊಳ್ಳುತ್ತಾರೆ. ಅದರಿಂದ ಒಟ್ಟು ಬೋಟುಗಳ ಮೀನಿನ ಲೆಕ್ಕ ಕಟ್ಟುತ್ತಾರೆ. ಅನ್ನ ಬೆಂದಿದೆಯಾ ಅಂತ ಒಂದು ಅಗುಳು ಹಿಚುಕಿ ನೋಡುತ್ತೇವಲ್ವಾ, ಹಾಗೆ. ಹೆಚ್ಚುಕಮ್ಮಿ ಇರಬಹುದು, ಸುಮ್ನೆ ಬರೆದದ್ದಲ್ಲ.

ಬೋಟಿನವರೇ ಹಿಡಿದದ್ದನ್ನು ಬರೆದಿಡುವ ಲಾಗ್‌ಬುಕ್ ಬೇರೆ, ಈ ಸಮೀಕ್ಷೆ ಬೇರೆ. ಯುರೋಪ್ ಒಕ್ಕೂಟಕ್ಕೆ ಹೋಗುವ ಸಮುದ್ರ ಮೀನಿಗೆ, ಹಿಡಿದ ಬೋಟು ಯಾವುದೆಂದು ತೋರಿಸುವ ಪ್ರಮಾಣಪತ್ರ 2010ರಿಂದ ಬೇಕು. ಅದೂ ಈ ಸಮೀಕ್ಷೆಯಲ್ಲ.

ಫಾರ್ವರ್ಡ್‌ನಲ್ಲಿ ಅಂಕಿ ಕಂಡರೆ ಅದು ಸಮುದ್ರದ್ದು ಮಾತ್ರವೋ, ಕೆರೆ-ಹೊಳೆ ಸೇರಿದ್ದೋ ನೋಡಿ. ವರ್ಷ ಜನವರಿಯಿಂದಲೋ, ಏಪ್ರಿಲ್‌ನಿಂದಲೋ? ಎರಡು ವರದಿ ತಾಳೆಯಾಗದಿರಲು ಎಷ್ಟೋ ಸಲ ಇಷ್ಟೇ ಕಾರಣ. ಹಾಂ, ಇನ್ನೊಂದು: ದಡಕ್ಕೆ ಬಂದ ಮೀನಿನ ಲೆಕ್ಕದಲ್ಲಿ ಸಮುದ್ರದಲ್ಲೇ ಎಸೆದು ಬಂದದ್ದು ಸೇರುವುದಿಲ್ಲ.