ಸತ್ಯಾಂಶ: ಸರ್ಕಾರಿ ಕಚೇರಿ ಅಗ್ಗದ್ದನ್ನೇ ಕೊಳ್ಳಬೇಕೆ?

ಸರ್ಕಾರಿ ಕಚೇರಿಗಳು ಅತಿ ಅಗ್ಗದ ವಸ್ತುವನ್ನೇ ಕೊಳ್ಳಬೇಕು, ಪರಿಸರಸ್ನೇಹಿ ವಸ್ತು ತಂದರೆ ಆಡಿಟ್‌ನಲ್ಲಿ ಆಕ್ಷೇಪ ಖಚಿತ ಎಂಬ ಸಂದೇಶ ಕಾಸರಗೋಡಿನ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಆಗಾಗ ಸುತ್ತುತ್ತಿರುತ್ತದೆ. ಸಾರ್ವಜನಿಕ ಹಣದ ಕಾಳಜಿಯಿಂದಲೇ ಹಲವರು ಇದನ್ನು ಹಂಚುತ್ತಾರೆ. ಆದರೆ ಮಾತು ಅರ್ಧ ಮಾತ್ರ ನಿಜ.

ಸಾಮಾನ್ಯ ಟೆಂಡರಿನಲ್ಲಿ ದರಗಳ ಹೋಲಿಕೆ ನಡೆಯುವುದು ತಾಂತ್ರಿಕ ಷರತ್ತು ಪೂರೈಸಿದವರ ನಡುವೆ. ಆ ಷರತ್ತು ಬರೆಯುವುದು ಕಚೇರಿಯೇ. ಊಟಕ್ಕೆ ಅಡಿಕೆ ಹಾಳೆಯ ತಟ್ಟೆ ಬೇಕೆಂದು ಬರೆದರೆ ಪ್ಲಾಸ್ಟಿಕ್ ಲೇಪದ ಅಗ್ಗದ ತಟ್ಟೆ ಪೈಪೋಟಿಗೇ ಬರುವುದಿಲ್ಲ. ಕೇಂದ್ರ ಸರ್ಕಾರದ ಇಲಾಖೆಗಳಿಗೆ ಅನ್ವಯಿಸುವ 2017ರ ಸಾಮಾನ್ಯ ಹಣಕಾಸು ನಿಯಮಗಳಂತೂ ಅಧಿಸೂಚಿತ ವಿದ್ಯುತ್ ಉಪಕರಣಗಳಿಗೆ ವಿದ್ಯುತ್ ಉಳಿತಾಯವನ್ನು ಸೂಚಿಸುವ ನಿಗದಿತ ಸ್ಟಾರ್ ಮಟ್ಟ ಇರಲೇಬೇಕು ಎನ್ನುತ್ತವೆ.

ಅಗ್ಗ ಎಂಬುದನ್ನೂ ಒಮ್ಮೆ ಲೆಕ್ಕ ಹಾಕಿ ನೋಡಬೇಕು. 75 ವ್ಯಾಟ್‌ನ ಫ್ಯಾನಿನ ಬದಲು 30 ವ್ಯಾಟ್‌ನದ್ದು ದಿನಕ್ಕೆ 8 ಗಂಟೆಯಂತೆ ವರ್ಷಕ್ಕೆ 250 ದಿನ ತಿರುಗಿದರೆ 90 ಯೂನಿಟ್ ಉಳಿಯುತ್ತದೆ. ಕೊಳ್ಳುವಾಗ ಹೆಚ್ಚು ತೆತ್ತ ಹಣವನ್ನು ಈ ಉಳಿತಾಯದ ಪಕ್ಕದಲ್ಲಿಟ್ಟು ನೋಡಿ. ಹಾಗೆಂದು ‘ಹಸಿರು’ ಎಂಬ ಚೀಟಿ ಅಂಟಿಸಿದ್ದೆಲ್ಲ ಒಳ್ಳೆಯದೇನಲ್ಲ. ಬಟ್ಟೆಯಂತೆ ಕಾಣುವ ನಾನ್‌ವೋವನ್ ಚೀಲ ಬಹುಮಟ್ಟಿಗೆ ಪಾಲಿಪ್ರೊಪಿಲೀನ್, ಅಂದರೆ ಪ್ಲಾಸ್ಟಿಕ್ಕೇ.

ಇಂಥ ಸಂದೇಶ ಬಂದಾಗ ಮೊದಲು ನಿಯಮದ ಹೆಸರು, ವರ್ಷ ಇದೆಯೇ ನೋಡಿ. ಇದ್ದರೆ ಮೂಲ ಪಠ್ಯ ತೆರೆಯಿರಿ. ಟೆಂಡರ್ ದಾಖಲೆಯಲ್ಲಿ ದರದ ಪುಟಕ್ಕಿಂತ ಮೊದಲು ತಾಂತ್ರಿಕ ವಿವರಗಳ ಪುಟ ಓದಿ. ಅದು ಸಿಗದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಕೇಳಬಹುದು. ಕಾಸರಗೋಡಿನ ಕನ್ನಡಿಗರು ಇಲ್ಲಿನ ರಾಜ್ಯ ಸರ್ಕಾರಿ ಕಚೇರಿಗಳಿಗೆ ಕನ್ನಡದಲ್ಲೇ ಪತ್ರ ಬರೆಯಲು 1969ರ ಕೇರಳದ ಅಧಿಕೃತ ಭಾಷಾ ಕಾಯ್ದೆಯಲ್ಲಿ ಅವಕಾಶವಿದೆ.