ಹನ್ನೊಂದು ಜೇಬಿನ ಭಾವ

ಬಿಳಿಗಿರಿರಂಗನ ಬೆಟ್ಟದಿಂದ ವಾಪಸ್ ಬಂದು ಎರಡು ದಿನವಾಯಿತು. ಎಲ್ಲರೂ ಕೇಳುವುದು ಒಂದೇ. ಹುಲಿ ಕಂಡಿತಾ? ಇಲ್ಲ. ನಮ್ಮ ಭಾವನ ಜಾಕೆಟ್ ಕೇಳಿಸಿತು.

ಸಫಾರಿಗೆ ಢಾಳಾದ ಬಣ್ಣ ಬೇಡ ಎಂದು ನಾನೇ ಹೇಳಿದ್ದೆ. ತಪ್ಪು ನನ್ನದೇ. ಅವರು ಒಣಹುಲ್ಲಿನ ಬಣ್ಣದ ಹೊಸ ಜಾಕೆಟ್ ತಂದರು. ಹನ್ನೊಂದು ಜೇಬು, ಹನ್ನೊಂದಕ್ಕೂ ವೆಲ್ಕ್ರೋ. ದೂರದ್ದು ನೋಡುವ ಕನ್ನಡಕ ಅದರಲ್ಲಿ ಯಾವುದೋ ಒಂದರಲ್ಲಿ. ಯಾವುದು ಅಂತ ಅವರಿಗೂ ಗೊತ್ತಿಲ್ಲ.

ಜಿಂಕೆ ಕಂಡಿತು. ಪರ್ರ್. ಜಿಂಕೆ ಹೋಯಿತು. ಕಾಡುಹಂದಿ. ಪರ್ರ್, ಪರ್ರ್. ಬಾಲ ಮಾತ್ರ ಕಂಡಿತು. ಕಾಟಿ ಮಾತ್ರ ಓಡಲಿಲ್ಲ. ಶಾಸ್ತ್ರದ ಮಧ್ಯೆ ಫೋನ್ ಬಡಿದುಕೊಂಡವನನ್ನು ಪುರೋಹಿತರು ನೋಡುವ ಹಾಗೆ ಭಾವನನ್ನೇ ನೋಡುತ್ತಾ ನಿಂತಿತು. ಅಷ್ಟರಲ್ಲಿ ಕನ್ನಡಕ ಸಿಕ್ಕಿತಲ್ಲ, ಮೂಗಿನ ಮೇಲೇ ಇಟ್ಟುಕೊಳ್ಳಬಾರದೇ? ಇಲ್ಲ. ಧೂಳಂತೆ. ಒರೆಸಿ ಮತ್ತೆ ಜೇಬಿಗೆ. ಅದೂ ಬೇರೆ ಜೇಬಿಗೆ.

ಸಂಜೆ ಒಂದು ತಿರುವಿನಲ್ಲಿ ಕಡವೆ ಎಚ್ಚರಿಕೆಯ ಕೂಗು ಹಾಕಿತು. ಮರದ ಮೇಲಿಂದ ಮುಸುವವೂ ದನಿಗೂಡಿಸಿತು. ಡ್ರೈವರ್ ಎಂಜಿನ್ ಆಫ್ ಮಾಡಿದ. ಗೈಡ್, ಆ ಕಾಡಿನ ಆದಿವಾಸಿಗಳಾದ ಸೋಲಿಗರ ಹುಡುಗ, ಅಲ್ಲಿಯದೇ ಪೋಡಿನವನು (ಪೋಡು ಅಂದರೆ ಅವರ ಹಾಡಿ), ಒಂದು ಬೆರಳು ಎತ್ತಿದ. ಲಂಟಾನದ ಪೊದೆ ಅಲುಗಿತು. ನಾನು ಉಸಿರು ಬಿಗಿಹಿಡಿದೆ.

ಪರ್ರ್.

ಪೊದೆ ಸುಮ್ಮನಾಯಿತು. ಕಾಡೇ ಸುಮ್ಮನಾಯಿತು. ಭಾವ ಕನ್ನಡಕ ಏರಿಸಿ ಪಿಸುಗುಟ್ಟಿದರು, "ಎಲ್ಲಿ? ಏನು?" ಗೈಡ್ ಬೆರಳು ಇಳಿಸಿದ. ಪಾಪ, ಒಂದು ಮಾತೂ ಆಡಲಿಲ್ಲ. ನಾನಾಗಿದ್ದರೆ ಆಡುತ್ತಿದ್ದೆ.

ಮರುದಿನ ದೊಡ್ಡ ಸಂಪಿಗೆ ಮರದ ಹತ್ತಿರ ಅವನೇ ಕರೆದುಕೊಂಡು ಹೋದ. ಆ ಮರ ಅವರಿಗೆ ದೇವರು. ಬೆಟ್ಟದ ಮೇಲಿರುವ ರಂಗನಾಥ ಸೋಲಿಗರ ಹುಡುಗಿ ಕುಸುಮಾಲೆಯನ್ನು ಮದುವೆಯಾದನಂತೆ. ಅದಕ್ಕೇ ಅವರೆಲ್ಲ ಅವನನ್ನು ಭಾವ ಅಂತಾರೆ. ಎಂಥ ಅದೃಷ್ಟ! ಅವರ ಭಾವ ಕಾಲಾಂತರದಿಂದ ಸದ್ದಿಲ್ಲದೆ ನಿಂತಿದ್ದಾನೆ.

"ಹುಲಿ ಕಾಣದಿದ್ದಕ್ಕೆ ಬೇಜಾರಾಯ್ತಾ ಸಾರ್?" ಎಂದ ಹುಡುಗ. "ನಮ್ಮಜ್ಜನ ಕಾಲದಲ್ಲಿ ಬಗ್ಗಿ ನೋಡಿದ್ರೆ ಬಹಳ ದೂರ ಕಾಣ್ತಿತ್ತಂತೆ. ಪೊದೆ ಬೆಳೀದ ಹಾಗೆ ನೆಲದ ಒಣ ತರಗಿಗೆ ಬೆಂಕಿ, ತರಗುಬೆಂಕಿ, ಹಾಕ್ತಿದ್ರು. ಈಗ ಬರೀ ಲಂಟಾನ." 1974ರಲ್ಲಿ ಅಭಯಾರಣ್ಯವಾದ ಮೇಲೆ ಆ ಬೆಂಕಿ ನಿಂತಿತು, ಪೋಡುಗಳನ್ನೂ ಎಬ್ಬಿಸಿದರು. ಜೇನು, ನೆಲ್ಲಿಕಾಯಿ ಕೊಯ್ಯುವ ಹಕ್ಕು ಕಾಗದದ ಮೇಲೆ ಬಂದದ್ದು 2011ರಲ್ಲಿ. ತಮ್ಮದೇ ಕಾಡಿಗೆ ಅಷ್ಟು ವರ್ಷ ಕಾದವರ ಮುಂದೆ, ಒಂದು ಸಂಜೆಯ ಹುಲಿಗಾಗಿ ನಾನು ಮುಖ ಊದಿಸಿಕೊಂಡು ಕೂತಿದ್ದೆ. ಸ್ವಲ್ಪ ನಾಚಿಕೆಯಾಯಿತು. ಜಾಸ್ತಿ ಹೊತ್ತು ಅಲ್ಲ, ಏಕೆಂದರೆ ಹಿಂದಿನಿಂದ ಪರ್ರ್.

ಇವತ್ತು ಬೆಳಿಗ್ಗೆ ಭಾವನ ಫೋನ್. ಕನ್ನಡಕ ಕಾಡಲ್ಲೇ ಬಿತ್ತಾ ಅಂತ.

"ಜಾಕೆಟ್ ನೋಡಿದ್ರಾ ಭಾವ?"

"ಇರು, ನೋಡ್ತೀನಿ."

ನಾನು ಫೋನನ್ನು ಕಿವಿಯಿಂದ ದೂರ ಹಿಡಿದೆ. ಆದರೂ ಕೇಳಿಸಿತು. ಹನ್ನೊಂದು ಸಲ.