ಭಾವ ಹೆಣೆದ ಜಡೆ

ನನ್ನ ಎರಡೂ ಮುಂಗೈಗಳ ಮೇಲೆ ಕಾಣುವ ಗೀರುಗಳಿಗೂ ಬೆಕ್ಕಿಗೂ ಯಾವ ಸಂಬಂಧವೂ ಇಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ಕೇಳಿದವರಿಗೆಲ್ಲ ಬಿಡಿಸಿ ಹೇಳಿ ಸಾಕಾಗಿದೆ. ಕೇಬಲ್ ಟೈ ಎಂಬ ಪ್ಲಾಸ್ಟಿಕ್ ಪಟ್ಟಿಯ ಬಾಲವನ್ನು ಓರೆಯಾಗಿ ಕತ್ತರಿಸಿದಾಗ ಒಂದು ಚೂಪು ಮೊನೆ ಉಳಿಯುತ್ತದಲ್ಲ, ಅದರ ಕೆಲಸ ಇದು. ಗಿಟಾರಿನ ದನಿಯನ್ನು ಬದಲಿಸುವ ಪೆಟ್ಟಿಗೆಗಳನ್ನು ಜೋಡಿಸಿಡುವ ಎಫೆಕ್ಟ್ ರ‍್ಯಾಕಿನ ಹಿಂಭಾಗಕ್ಕೆ ಕೈ ಹಾಕಿದವರಿಗೆ ಗೊತ್ತಿರುತ್ತದೆ: ಅಲ್ಲಿ ಬೆಳಕಿಲ್ಲ, ಜಾಗವಿಲ್ಲ, ಕೈ ಒಳಗೆ ಹೋಗುವಾಗ ಇದ್ದ ದಾರಿ ಹೊರಗೆ ಬರುವಾಗ ಇರುವುದಿಲ್ಲ. ಅಂಥ ಕಡೆ ಒಬ್ಬರು ಚೂಪು ಮೊನೆಗಳ ಸಾಲನ್ನೇ ನೆಟ್ಟು ಹೋಗಿದ್ದಾರೆ. ಅವರು ನನ್ನ ಭಾವ. ಅಕ್ಕನ ಗಂಡನಾದ್ದರಿಂದ ಬಹುವಚನ ಬಿಡುವಂತಿಲ್ಲ. ಬೈಯುವುದಿದ್ದರೂ ಗೌರವದಿಂದಲೇ ಬೈಯಬೇಕು.

ನೆಲದ ಮೇಲೆ ಹರಡಿಕೊಂಡು ಓಡಾಡುವವರ ಕಾಲಿಗೆಲ್ಲ ಸಿಗುತ್ತಿದ್ದ ಪೆಡಲ್‌ಗಳನ್ನೂ ಪೆಟ್ಟಿಗೆಗಳನ್ನೂ ಒಂದು ಚೌಕಟ್ಟಿನೊಳಗೆ ಕೂರಿಸಬೇಕು ಎಂಬುದಷ್ಟೇ ನನ್ನ ಆಸೆಯಾಗಿತ್ತು. ಕಾಗದದ ಮೇಲೆ ರ‍್ಯಾಕಿನ ಲೆಕ್ಕ ಬಲು ಚೊಕ್ಕ. ಮುಂಭಾಗದ ಅಗಲ 19 ಇಂಚು, ಎತ್ತರವನ್ನು 1.75 ಇಂಚಿನ ಅಂಕಣಗಳಲ್ಲಿ ಅಳೆಯುತ್ತಾರೆ, ಒಂದೊಂದಕ್ಕೆ ಒಂದು ‘ಯು’. ಈ ಅಳತೆ ಸಂಗೀತಕ್ಕಾಗಿ ಹುಟ್ಟಿದ್ದಲ್ಲ, ದೂರವಾಣಿ ಕೇಂದ್ರಗಳ ಸಲಕರಣೆಗಳನ್ನು ಜೋಡಿಸಿಡಲು ಬಳಕೆಗೆ ಬಂದದ್ದು. ಗಿಟಾರಿಗೆ ಚುಚ್ಚುವ ಕಾಲಿಂಚಿನ ಪ್ಲಗ್ಗೂ ಅದೇ ಮನೆತನದ್ದು. 19ನೆಯ ಶತಮಾನದಲ್ಲಿ ಒಬ್ಬರ ಕರೆಯನ್ನು ಇನ್ನೊಬ್ಬರಿಗೆ ಸೇರಿಸಲು ಆಪರೇಟರುಗಳು ಚುಚ್ಚಿ ಕೀಳುತ್ತಿದ್ದ ಪ್ಲಗ್ಗಿನ ವಂಶಜ ಅದು. ಹಾಗಾಗಿ ನನ್ನ ಕೋಣೆಯ ಮೂಲೆಯಲ್ಲಿರುವುದು ನಿಜಕ್ಕೂ ಒಂದು ಪುಟ್ಟ ದೂರವಾಣಿ ಕೇಂದ್ರ. ಯಾರಿಗೂ ಕರೆ ಹೋಗುವುದಿಲ್ಲ, ತಪ್ಪು ಸಂಪರ್ಕ ಮಾತ್ರ ಧಾರಾಳವಾಗಿ ಸಿಗುತ್ತದೆ.

ಕಾಗದ ಬಿಟ್ಟು ಸ್ಕ್ರೂಗೆ ಬಂದ ಕೂಡಲೇ ಚೊಕ್ಕತನ ಮುಗಿಯುತ್ತದೆ. ಕೆಲವು ರ‍್ಯಾಕ್‌ಗಳಿಗೆ ಎಂ6 ಸ್ಕ್ರೂ ಬೇಕು, ಕೆಲವಕ್ಕೆ 10-32 ಎಂಬ ಬೇರೆ ಅಳತೆಯದು. ಎಂ6 ಆ ಕಡೆಯ ನಟ್ಟಿನೊಳಗೆ ಹೊಗುವುದಿಲ್ಲ, 10-32 ಈ ಕಡೆಯ ನಟ್ಟನ್ನು ಹಿಡಿಯುವುದಿಲ್ಲ. ಡಬ್ಬಿಯಲ್ಲಿ ಮಾತ್ರ ಎರಡೂ ಅನ್ಯೋನ್ಯವಾಗಿ ಬೆರೆತು ಬಿದ್ದಿರುತ್ತವೆ. ಇನ್ನು ಕೇಜ್ ನಟ್ ಎಂಬ ವಸ್ತುವೊಂದಿದೆ. ಚೌಕ ತೂತಿನೊಳಗೆ ಹೆಬ್ಬೆರಳಿನಿಂದ ಅದುಮಿ ಕೂರಿಸಬೇಕಾದ ಪುಟ್ಟ ಸ್ಪ್ರಿಂಗ್ ಪಂಜರ. ಅದುಮಿದರೆ ಅದು ಉಗುರಿನ ಸಂದಿಯನ್ನು ಕಚ್ಚುತ್ತದೆ ಅಥವಾ ಹಾರಿ ಬೀರುವಿನ ಅಡಿಗೆ ಹೋಗುತ್ತದೆ. ತೂತಿನಲ್ಲಿ ಕೂರುವುದು ಅದರ ಮೂರನೆಯ ಆಯ್ಕೆ.

ಅಡಾಪ್ಟರ್‌ಗಳ ಬಗ್ಗೆ ಹೇಳಹೊರಟರೆ ರಕ್ತದೊತ್ತಡ ಏರುತ್ತದೆ, ಆದರೂ ಹೇಳುತ್ತೇನೆ. ಎಲ್ಲವೂ ಕಪ್ಪು, ಎಲ್ಲವೂ ದಪ್ಪ, ಎಲ್ಲವೂ ಎಕ್ಸ್‌ಟೆನ್ಷನ್ ಬೋರ್ಡಿನಲ್ಲಿ ಪಕ್ಕದವರ ಜಾಗವನ್ನೂ ಆಕ್ರಮಿಸುವಂಥವು. ಹೆಚ್ಚಿನ ಪೆಡಲ್‌ಗಳಿಗೆ 9 ವೋಲ್ಟ್ ಡಿಸಿ ಬೇಕು, ಪಿನ್ನಿನ ನಡುಭಾಗ ಋಣವಾಗಿರಬೇಕು. ಮನೆಯ ಉಳಿದ ಸಲಕರಣೆಗಳಲ್ಲಿ ಸಾಮಾನ್ಯವಾಗಿ ನಡುಭಾಗ ಧನ. ಕೆಲವು ಪೆಟ್ಟಿಗೆಗಳು ಎಸಿ ವಿದ್ಯುತ್ತನ್ನೇ ಕೇಳುತ್ತವೆ. ಈ ಜೀವನ್ಮರಣದ ಮಾಹಿತಿಯನ್ನು ಕಪ್ಪು ಪ್ಲಾಸ್ಟಿಕ್ಕಿನ ಮೇಲೆ, ಕಪ್ಪಿಗಿಂತ ಕೂದಲೆಳೆಯಷ್ಟು ತೆಳುವಾದ ಬೂದು ಬಣ್ಣದಲ್ಲಿ, ಸಾಸಿವೆ ಗಾತ್ರದ ಚಿಹ್ನೆಯಾಗಿ ಅಚ್ಚು ಹಾಕುತ್ತಾರೆ. ಅದನ್ನು ಓದಬಲ್ಲ ಕಣ್ಣಿರುವ ವಯಸ್ಸಿನಲ್ಲಿ ರ‍್ಯಾಕ್ ಕೊಳ್ಳುವ ಹಣವಿರುವುದಿಲ್ಲ.

1980ರ ದಶಕದಲ್ಲಿ ಲಾಸ್ ಏಂಜಲೀಸ್‌ನ ಸ್ಟುಡಿಯೊ ಗಿಟಾರ್ ವಾದಕರು ಆಳೆತ್ತರದ ರ‍್ಯಾಕ್‌ಗಳನ್ನು ಇಟ್ಟುಕೊಳ್ಳುತ್ತಿದ್ದರು. ಯಾವ ಎಫೆಕ್ಟ್ ಎಲ್ಲಿ ಸೇರಬೇಕು, ಒಂದು ಗುಂಡಿ ಒತ್ತಿದರೆ ಏನೆಲ್ಲ ಬದಲಾಗಬೇಕು ಎಂಬ ಸ್ವಿಚಿಂಗ್ ವ್ಯವಸ್ಥೆಯನ್ನು ಅವರಲ್ಲಿ ಹಲವರಿಗೆ ಕಟ್ಟಿಕೊಟ್ಟವರು ಬಾಬ್ ಬ್ರಾಡ್‌ಶಾ. ಅವರಿಗೆ ಬ್ರಾಡ್‌ಶಾ ಇದ್ದರು. ನನಗೆ ಭಾವ ಇದ್ದಾರೆ.

ಭಾವನವರ ಕೆಲಸ ಕಂಪ್ಯೂಟರ್ ಸರ್ವರ್ ಕೋಣೆಗಳ ವೈರಿಂಗ್. ರ‍್ಯಾಕ್ ಎಂಬ ಪದ ಅಕ್ಕನ ಮೂಲಕ ಅವರ ಕಿವಿಗೆ ಬಿದ್ದದ್ದೇ ತಡ, ಚೀಲ ಹಿಡಿದು ಬಂದರು. ಮುಂಭಾಗದ ಗುಂಡಿ, ದೀಪ, ಮೀಟರುಗಳ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ನೇರ ಹಿಂದೆ ಹೋಗಿ ಮಂಡಿಯೂರಿ ಕೂತು, ನಾಲಗೆಯಿಂದ ಲೊಚಗುಟ್ಟಿದರು.

“ಇದೇನೋ ಇದು? ವೈರಿಂಗ್ ಮಾಡಿದ್ದೀಯೋ, ಎಸೆದಿದ್ದೀಯೋ?”

“ಇನ್ನೂ ಪರೀಕ್ಷೆ ಮಾಡುತ್ತಿದ್ದೇನೆ ಭಾವ. ಎಲ್ಲ ಸರಿಯಿದೆ ಎಂದು ಗೊತ್ತಾದ ಮೇಲೆ ಕಟ್ಟೋಣ.”

“ಕಟ್ಟದೆ ಪರೀಕ್ಷೆ ಹೇಗೆ ಮಾಡುತ್ತೀಯ? ಯಾವುದು ಎಲ್ಲಿಂದ ಎಲ್ಲಿಗೆ ಹೋಗಿದೆ ಎಂದು ಕಣ್ಣಿಗೆ ಕಾಣಬೇಡವೇ?”

ಚೀಲದಿಂದ ಕೇಬಲ್ ಟೈಗಳ ಕಟ್ಟು ಹೊರಬಂತು. ಎರಡು ತಂತಿಗಳು ಒಂದು ಗೇಣು ದೂರ ಅಕ್ಕಪಕ್ಕ ಹೋದರೆ ಭಾವನವರಿಗೆ ತಡೆದುಕೊಳ್ಳಲಾಗುವುದಿಲ್ಲ. ಅವುಗಳನ್ನು ಬೆರಳಿನಿಂದ ಬಾಚಿ, ಸಿಕ್ಕು ಬಿಡಿಸಿ, ಜಡೆ ಹೆಣೆಯುವವರ ತಾಳ್ಮೆಯಲ್ಲಿ ಒಟ್ಟು ಮಾಡುತ್ತಾರೆ. ಆಮೇಲೆ ಪಟ್ಟಿಯನ್ನು ಸುತ್ತಿ, ತುದಿ ಹಿಡಿದು ಗರಗರನೆ ಎಳೆಯುತ್ತಾರೆ. ಸಾಕು ಎಂದು ನಮಗೆ ಅನ್ನಿಸಿದ ಮೇಲೂ ಇನ್ನೊಂದು ಹಲ್ಲು ಎಳೆಯುತ್ತಾರೆ. ಕಟರಿನಿಂದ ಟಕ್ಕನೆ ಬಾಲ ಕತ್ತರಿಸುತ್ತಾರೆ. ಕೊನೆಗೆ ಎರಡು ಅಡಿ ಹಿಂದೆ ಸರಿದು ತಲೆ ಓರೆ ಮಾಡಿ ನೋಡಿ, ಅಂಗೈ ಅಗಲ ಬಿಟ್ಟು ಮುಂದಿನದಕ್ಕೆ ಕೈ ಹಾಕುತ್ತಾರೆ. ಮಾತಿಲ್ಲ, ಕತೆಯಿಲ್ಲ. ಆ ಹೊತ್ತಿನಲ್ಲಿ ಅವರ ಮುಖದಲ್ಲಿ ಇರುವ ಶಾಂತಿ ಯಾವ ಧ್ಯಾನಮಂದಿರದಲ್ಲೂ ಸಿಗಲಾರದು. ನನ್ನ ಶಾಂತಿ ಅದೇ ವೇಗದಲ್ಲಿ ಕರಗುತ್ತಿತ್ತು.

ವೆಲ್ಕ್ರೋ ಪಟ್ಟಿಯಾದರೆ ಬೇಕೆಂದಾಗ ಬಿಚ್ಚಬಹುದಲ್ಲ ಎಂದು ಮೆಲ್ಲಗೆ ಸೂಚಿಸಿದೆ. ನಾಯಿಯ ಮೈಗೆ ಅಂಟಿದ ಮುಳ್ಳುಕಾಯಿಗಳನ್ನು ನೋಡಿ ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಜಾರ್ಜ್ ಡಿ ಮೆಸ್ಟ್ರಾಲ್ ಅದನ್ನು ಕಂಡುಹಿಡಿದ ಕತೆಯನ್ನೂ ಹೇಳಿದೆ. “ಅದು ಮಕ್ಕಳ ಚಪ್ಪಲಿಗೆ” ಎಂದರು. ಸರ್ವರ್ ಕೋಣೆಗಳಲ್ಲೂ ಈಗ ಅದನ್ನೇ ಬಳಸುತ್ತಾರಂತಲ್ಲ ಎಂದೆ. “ಬಳಸುತ್ತಾರೆ, ಕೆಲಸ ಬರದವರು” ಎಂದು ಗರಗರ ಎಳೆದರು.

ಮಧ್ಯಾಹ್ನದ ಹೊತ್ತಿಗೆ ನನ್ನ ಮೊಬೈಲ್ ಹೊಡೆದುಕೊಂಡಿತು. ಸದ್ದು ರ‍್ಯಾಕಿನ ಹಿಂದಿನಿಂದ ಬರುತ್ತಿತ್ತು. ಚಾರ್ಜಿಗೆ ಹಾಕಿದ್ದ ಮೊಬೈಲಿನ ತಂತಿಯೂ ಒಂದು ಗೇಣು ದೂರ ಇತರರ ಪಕ್ಕದಲ್ಲಿ ಹೋಗಿತ್ತೆಂದು ಕಾಣುತ್ತದೆ. ಅದನ್ನೂ ಸೇರಿಸಿ, ನಾಲ್ಕು ಕಡೆ ಬಿಗಿದು, ಬಾಲ ಕತ್ತರಿಸಿ ಮುಗಿಸಿದ್ದರು. ಮೊಬೈಲಿನ ಬಾಯಿಗೆ ಎರಡು ಬೆರಳು ಜಾಗ ಬಿಟ್ಟಿದ್ದರು, ಅಷ್ಟೇ. ಚಾರ್ಜರಿನಿಂದ ಅದನ್ನು ಹಿಡಿದೆಳೆದು ಬಿಡಿಸೋಣವೆಂದರೆ ಬೆರಳು ತೂರಲು ಎಡೆಯಿಲ್ಲ. ನಾನು ಗೋಡೆಗೂ ಚೌಕಟ್ಟಿಗೂ ನಡುವೆ ತೂರಿಕೊಂಡು, ಕೆನ್ನೆಯನ್ನು ಪವರ್ ಆಂಪ್ಲಿಫೈಯರಿನ ಬೆನ್ನಿಗೆ ಒತ್ತಿ “ಹಲೋ” ಎಂದೆ. ಅಕ್ಕ. “ನಿಮ್ಮ ಭಾವ ಅಲ್ಲಿ ಏನು ಮಾಡುತ್ತಿದ್ದಾರೆ?” ಎಂದು ಕೇಳಿದಳು. ದೂರವಾಣಿ ಕೇಂದ್ರದಿಂದಲೇ ಮಾತನಾಡುತ್ತಿದ್ದೇನೆ ಎಂದರೆ ಅವಳಿಗೆ ಅರ್ಥವಾಗುತ್ತಿರಲಿಲ್ಲ. ಮೇಜಿನ ದೀಪದ ತಂತಿಗೂ ಅದೇ ಗತಿಯಾಗಿತ್ತು. ಅದು ಅಂದಿನಿಂದ ಗೋಡೆಯನ್ನು ಮಾತ್ರ ಬೆಳಗುತ್ತಿತ್ತು.

ತಂತಿಗಳು ಉದ್ದ ಕಾಣಬಾರದು ಎಂಬುದು ಅವರ ಇನ್ನೊಂದು ನಿಷ್ಠೆ. ಅದಕ್ಕಾಗಿ ಪೆಟ್ಟಿಗೆಗಳನ್ನು ಎತ್ತರದ ಪ್ರಕಾರ ಜೋಡಿಸಿ, ಪಕ್ಕದ್ದನ್ನು ಪಕ್ಕದ್ದಕ್ಕೆ ಗಿಡ್ಡ ಕೇಬಲಿನಿಂದ ಸೇರಿಸಿದ್ದರು. ನೋಡಲು ಬಹಳ ಚೆಂದ. ಅದರಿಂದಾಗಿ ಪ್ರತಿಧ್ವನಿ ಕೊಡುವ ರಿವರ್ಬ್ ಮೊದಲು ಬಂದು, ದನಿಯನ್ನು ಹರಿತಗೊಳಿಸುವ ಡಿಸ್ಟಾರ್ಶನ್ ಕೊನೆಗೆ ಹೋಯಿತು. ನುಡಿಸಿದ ಸ್ವರ ಮೊದಲು ಹರಿತವಾಗಿ, ಆಮೇಲೆ ಪ್ರತಿಧ್ವನಿಸಬೇಕು. ಇಲ್ಲಿ ಪ್ರತಿಧ್ವನಿಯೇ ಹರಿದು ಚಿಂದಿಯಾಗಿ, ಯಾವ ಸ್ವರ ಎಲ್ಲಿ ಮುಗಿಯಿತೆಂದು ತಿಳಿಯದ ಕೆಸರು ಹೊರಬಂತು. ಹಳೆಯ ಫಜ್ ಪೆಡಲ್ ಒಂದಿದೆ, ಅದಕ್ಕೆ ಗಿಟಾರನ್ನು ನೇರವಾಗಿ ಕೊಟ್ಟರೆ ಮಾತ್ರ ಸರಿ; ನಡುವೆ ಸಂಕೇತ ಕುಂದದಂತೆ ಕಾಯುವ ಬಫರ್ ಎಂಬ ಸರ್ಕ್ಯೂಟ್ ಬಂದರೆ ದನಿ ಒರಟಾಗಿ ಮುನಿಸಿಕೊಳ್ಳುತ್ತದೆ. ಅದನ್ನು ಭಾವ ಆರನೆಯ ಸ್ಥಾನದಲ್ಲಿ ಕೂರಿಸಿದ್ದರು, ಗಾತ್ರ ಅಲ್ಲಿಗೆ ಹೊಂದುತ್ತಿತ್ತೆಂದು.

ಆದರೆ ಕೆಸರು ಕೇಳಿಸಿದ್ದು ಆಮೇಲೆ. ಸ್ವಿಚ್ ಹಾಕಿದ ಕೂಡಲೇ ಕೇಳಿಸಿದ್ದು “ಗುಂಯ್” ಎಂಬ ಸದ್ದು.

ಇದರ ಕಾರಣ ಭಾವನವರಿಗೆ ಹೇಳಿ ಒಪ್ಪಿಸಲಾಗಲಿಲ್ಲ, ನಿಮಗಾದರೂ ಹೇಳುತ್ತೇನೆ. ನೆಟ್‌ವರ್ಕ್ ಕೇಬಲಿನೊಳಗೆ ತಂತಿಗಳು ಜೋಡಿಜೋಡಿಯಾಗಿ ಹೊಸೆದುಕೊಂಡಿರುತ್ತವೆ. ಹೊರಗಿನ ಗದ್ದಲ ಜೋಡಿಯ ಎರಡೂ ತಂತಿಗಳಿಗೆ ಒಂದೇ ಸಮನೆ ತಾಗುತ್ತದೆ. ಸ್ವೀಕರಿಸುವ ತುದಿ ಎರಡರ ವ್ಯತ್ಯಾಸವನ್ನಷ್ಟೇ ನೋಡುವುದರಿಂದ ಗದ್ದಲ ರದ್ದಾಗುತ್ತದೆ. ಗಿಟಾರ್ ಕೇಬಲಿಗೆ ಆ ಭಾಗ್ಯವಿಲ್ಲ. ನಡುವೆ ಒಂದೇ ತಂತಿ, ಸುತ್ತ ಒಂದು ಕವಚ, ಒಳಗೆ ಬಲು ಕ್ಷೀಣವಾದ ಸಂಕೇತ. ಅದನ್ನು ತಂದು ಮನೆಯ ವಿದ್ಯುತ್ ಹರಿಯುವ ತಂತಿಗಳ ಜೊತೆ ಒಂದೇ ಜಡೆಯಲ್ಲಿ ತುದಿಯವರೆಗೂ ಹೆಣೆದರೆ ಅದು ಆ ವಿದ್ಯುತ್ತನ್ನೇ ಹಾಡತೊಡಗುತ್ತದೆ. ಸಾಲದ್ದಕ್ಕೆ, ಭೂಸಂಪರ್ಕವಿರುವ ಪೆಟ್ಟಿಗೆಗಳು ಕೇಬಲಿನ ಕವಚದ ಮೂಲಕವೂ ಚೌಕಟ್ಟಿನ ಲೋಹದ ಮೂಲಕವೂ ಪರಸ್ಪರ ಸೇರಿ ಉಂಗುರವಾಗುತ್ತವೆ. ಗ್ರೌಂಡ್ ಲೂಪ್ ಎಂಬ ಪಿಶಾಚಿ ಅದು.

ಈ ಗುಂಯ್ ಸದ್ದಿಗೆ ಒಂದು ಶ್ರುತಿಯೂ ಇದೆ. ನಮ್ಮ ವಿದ್ಯುತ್ 50 ಹರ್ಟ್ಸ್‌ನದ್ದಾದ್ದರಿಂದ ಸದ್ದು 50, 100 ಹೀಗೆ ಅದರ ಗುಣಕಗಳಲ್ಲಿ ಏಳುತ್ತದೆ. ಗಿಟಾರಿನ ದಪ್ಪ ತಂತಿಯ ಮೂರನೆಯ ಫ್ರೆಟ್ಟಿನಲ್ಲಿ ಸಿಗುವ ಜಿ ಸ್ವರ 98 ಹರ್ಟ್ಸ್. ಅಂದರೆ ರ‍್ಯಾಕ್ ಹಾಡುವುದು ಜಿ ಸ್ವರವನ್ನೇ, ಆದರೆ ಸ್ವಲ್ಪ ಏರು ಶ್ರುತಿಯಲ್ಲಿ. ಶುದ್ಧವಾಗಿ ಬೇರೆ ಸ್ವರವಾಗಿದ್ದರೆ ಕಿವಿ ಅದನ್ನು ಬಿಟ್ಟುಬಿಡುತ್ತಿತ್ತು. ಇದು ನನ್ನ ಜಿ ಸ್ವರದ ಜೊತೆ ಸೆಕೆಂಡಿಗೆ ಎರಡು ಸಲ ತೊಯ್ದಾಡುತ್ತದೆ, ನಾನೇ ಅಪಶ್ರುತಿಯಲ್ಲಿ ನುಡಿಸುತ್ತಿದ್ದೇನೆ ಎಂಬಂತೆ. 60 ಹರ್ಟ್ಸ್ ಇರುವ ದೇಶಗಳಲ್ಲಿ ಅದು ಎ ಶಾರ್ಪಿಗೂ ಬಿಗೂ ನಡುವೆ ಎಲ್ಲೋ ಬೀಳುತ್ತದೆ. ಅವರ ಕಷ್ಟ ಅವರಿಗೆ.

“ಗಿಟಾರಿನದೇ ದೋಷ” ಎಂದರು ಭಾವ. ಗಿಟಾರನ್ನು ಕಿತ್ತು ಪಕ್ಕಕ್ಕಿಟ್ಟೆ. ಗುಂಯ್. “ಹಾಗಾದರೆ ಆಂಪ್ಲಿಫೈಯರಿನದು. ವೈರಿಂಗ್ ಆದರೆ ನೋಡು, ಒಂದು ಎಳೆ ಆಚೀಚೆ ಇಲ್ಲ. ಇಂಥ ವೈರಿಂಗಿನಲ್ಲಿ ನಮ್ಮ ಸರ್ವರ್‌ಗಳು ವರ್ಷಗಟ್ಟಲೆ ಸದ್ದಿಲ್ಲದೆ ಓಡುತ್ತವೆ.” ಸರ್ವರ್ ಕೋಣೆಯ ಫ್ಯಾನುಗಳ ಆರ್ಭಟದಲ್ಲಿ ಪಕ್ಕದವರು ಕೂಗಿದರೂ ಕೇಳಿಸುವುದಿಲ್ಲ ಎಂಬುದನ್ನು ಬಾಯಿಯವರೆಗೆ ತಂದು ನುಂಗಿದೆ. ಹೇಳಿದೆನಲ್ಲ, ಅಕ್ಕನ ಗಂಡ.

ಅರ್ಥಿಂಗ್ ಪಿನ್ನನ್ನೇ ಕಿತ್ತುಹಾಕಿದರೆ ಗುಂಯ್ ನಿಲ್ಲುತ್ತದೆ ಎಂದು ಸಲಹೆ ಕೊಡುವ ಮಹನೀಯರೂ ಇದ್ದಾರೆ. ನಿಲ್ಲುವುದು ನಿಜ. ದುರದೃಷ್ಟವಿದ್ದರೆ ನುಡಿಸುವವನೂ ಜೊತೆಗೆ ನಿಲ್ಲುತ್ತಾನೆ. ಸರಿಯಾದ ಮದ್ದು ಬೇರೆ: ವಿದ್ಯುತ್ ತಂತಿಗಳೆಲ್ಲ ಒಂದು ಬದಿ, ಸಂಕೇತದ ತಂತಿಗಳೆಲ್ಲ ಇನ್ನೊಂದು ಬದಿ, ದಾಟಲೇಬೇಕಾದ ಕಡೆ ನೇರ ಅಡ್ಡಲಾಗಿ ದಾಟಬೇಕು, ಪೆಡಲ್‌ಗಳಿಗೆ ಪರಸ್ಪರ ಬೇರ್ಪಟ್ಟ ಕವಲುಗಳಿರುವ ಪವರ್ ಸಪ್ಲೈ, ಲೂಪ್ ಇರುವಲ್ಲಿ ಅದನ್ನು ಕಡಿಯುವ ಒಂದು ಐಸೊಲೇಷನ್ ಟ್ರಾನ್ಸ್‌ಫಾರ್ಮರ್. ಇದನ್ನೆಲ್ಲ ಮಾಡಬೇಕಾದರೆ ಮೊದಲು ಜಡೆ ಬಿಚ್ಚಬೇಕು. ಕೇಬಲ್ ಟೈಯನ್ನು ಬಿಚ್ಚಲಾಗುವುದಿಲ್ಲ, ಕತ್ತರಿಸಬೇಕು. ಕೊನೆಯ ಹಲ್ಲಿನವರೆಗೆ ಬಿಗಿದದ್ದನ್ನು, ಒಳಗಿನ ಕೇಬಲಿನ ಮೈ ಕೊಯ್ಯದಂತೆ, ಬ್ಯಾಟರಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು, ಒಂದೊಂದಾಗಿ. ಭಾವ ಮೆಟ್ಟಿಲಿಳಿದ ಮೇಲೆ ಶುರುಮಾಡಿದವನು ರಾತ್ರಿಯೆಲ್ಲ ಅದನ್ನೇ ಮಾಡಿದೆ. ಪ್ರತಿ ಕೇಬಲಿಗೂ ಅವರು ಅಚ್ಚುಕಟ್ಟಾದ ಚೀಟಿ ಅಂಟಿಸಿದ್ದರು: ಎ-1-03, ಬಿ-2-07. ಯಾವುದು ಯಾವುದೆಂದು ಬರೆದಿದ್ದ ಹಾಳೆಯನ್ನು ಮರೆಯದೆ ಮನೆಗೆ ತೆಗೆದುಕೊಂಡು ಹೋಗಿದ್ದರು.

ಈಗ ಗುಂಯ್ ಇಲ್ಲ. ಹಿಂಭಾಗ ನೋಡುವಂತಿಲ್ಲ, ಕೇಳುವಂತಿದೆ. ಸಂಗೀತದ ಸಲಕರಣೆಗಳು ಒಂದಕ್ಕೊಂದು ಆದೇಶ ಕಳಿಸಲು ಬಳಸುವ ಮಿಡಿ ಎಂಬ ವ್ಯವಸ್ಥೆಯ ಜಗಳ ಮಾತ್ರ ಉಳಿದಿದೆ. 1983ರಲ್ಲಿ ಬಂದ ಈ ವ್ಯವಸ್ಥೆ ದನಿಯ ಜೋಡಣೆಗಳನ್ನು ಒಳಗೊಳಗೇ 0ಯಿಂದ 127ರವರೆಗೆ ಎಣಿಸುತ್ತದೆ. ಕೆಲವು ತಯಾರಕರು ಹಾಗೆಯೇ ತೋರಿಸುತ್ತಾರೆ, ಕೆಲವರು 1ರಿಂದ 128 ಎಂದು ತೋರಿಸುತ್ತಾರೆ. ಕಾಲಿನ ಬಳಿಯ ಸ್ವಿಚ್ಚಿನಲ್ಲಿ 12 ಒತ್ತಿದರೆ ರ‍್ಯಾಕ್ 13ಕ್ಕೆ ಹೋಗುತ್ತದೆ. 12 ಎಂದರೆ ಮೆಲುದನಿ, 13 ಎಂದರೆ ಪಕ್ಕದ ಮನೆಯವರು ಬಾಗಿಲು ಬಡಿಯುವ ದನಿ.

ನನ್ನ ಮೊದಲ ಆಂಪ್ಲಿಫೈಯರಿಗೆ ಒಂದೇ ತೂತಿತ್ತು, ನನ್ನ ಬಳಿ ಒಂದೇ ಕೇಬಲಿತ್ತು. ಪ್ಲಗ್ಗಿನ ಬುಡದಲ್ಲಿ ಬೆಸುಗೆ ಸಡಿಲವಾಗಿ ಕರಕರ ಎನ್ನುತ್ತಿತ್ತು. ಕಾಲಿನ ಹೆಬ್ಬೆಟ್ಟಿನಿಂದ ಎಡಕ್ಕೆ ಸ್ವಲ್ಪ ಒತ್ತಿ ಹಿಡಿದರೆ ಸುಮ್ಮನಾಗುತ್ತಿತ್ತು. ಹಾಗೆ ಒಂದು ಕಾಲನ್ನು ಅಲ್ಲಿಯೇ ಊರಿ, ಬಂದಷ್ಟು ಸ್ವರಗಳನ್ನು ಕತ್ತಲಾಗುವವರೆಗೂ ನುಡಿಸುತ್ತಿದ್ದೆ. ಆಗ ಯಾರಾದರೂ ಏನು ಮಾಡುತ್ತಿದ್ದೀಯ ಎಂದು ಕೇಳಿದರೆ ಗಿಟಾರ್ ಎನ್ನುತ್ತಿದ್ದೆ. ಈಗ ಕೇಳಿದರೆ ವೈರಿಂಗ್ ಎನ್ನುತ್ತೇನೆ.

ಇತ್ತ ಭಾವ ತಮ್ಮ ಕೈಚಳಕದ ಫೋಟೊ ತೆಗೆದುಕೊಂಡು ಹೋಗಿದ್ದರು. ಅದನ್ನು ಕಚೇರಿಯಲ್ಲಿ ಹೊಸ ಹುಡುಗರಿಗೆ ಮಾದರಿ ಎಂದು ತೋರಿಸುತ್ತಿದ್ದಾರಂತೆ. ಒಬ್ಬ ಹುಡುಗ ಇದರ ಇಂಟರ್ನೆಟ್ ವೇಗ ಎಷ್ಟು ಎಂದು ಕೇಳಿದನಂತೆ. ಭಾವ ಏನೋ ಒಂದು ಅಂಕಿ ಹೇಳಿದ್ದಾರೆ ಕೂಡ. ನಿನ್ನೆ ವಿಡಿಯೊ ಕರೆ ಮಾಡಿ “ಎಲ್ಲಿ, ಒಮ್ಮೆ ತೋರಿಸು” ಎಂದಾಗ ಮುಂಭಾಗದ ದೀಪಗಳನ್ನು ತೋರಿಸಿ, ಚಾರ್ಜ್ ಮುಗಿಯಿತೆಂದು ಕರೆ ಕತ್ತರಿಸಿದೆ. ಆಮೇಲೆ ಸಂದೇಶ ಬಂತು: ಭಾನುವಾರ ಬರುತ್ತೇನೆ, ಟೈ ಒಂದು ಪ್ಯಾಕೆಟ್ ಸಾಕೋ, ಎರಡು ತರಲೋ?

ರ‍್ಯಾಕನ್ನು ತಳ್ಳಿ ಬೆನ್ನನ್ನು ಗೋಡೆಗೆ ಅಂಟಿಸಿ ನಿಲ್ಲಿಸಿದ್ದೇನೆ. ಗಾಳಿಯಾಡದೆ ಒಳಗೆಲ್ಲ ಬಿಸಿಯಾಗುತ್ತದೆ, ಗೊತ್ತು. ಭಾನುವಾರ ಸಂಜೆಯವರೆಗೆ ಬಿಸಿಯಾಗಲಿ.